ದುಂಡು ಕೋಟೆಗೆ ಬೋರ್ಡ್ ನೆಟ್ಟವರಿಗೆ

ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕಚೇರಿಯ ಹಿರಿಯರಿಗೆ, ರಾಸ್‌ಕಾಮನ್ ಕಡೆಯ ಹಳ್ಳಿಯಿಂದ ಡೆಕ್ಲನ್ ಟುವೋಹಿ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಾವು ಕಾಪಾಡಹೊರಟ ಕೋಟೆ ಮಾತ್ರ ಕ್ಷೇಮವಾಗಿಲ್ಲ.

ಮಲಕಿ ಹೆರಾಟಿಯವರ ಹುಲ್ಲುಗಾವಲಿನಲ್ಲಿರುವ ಆ ಮಣ್ಣಿನ ದುಂಡು ಕೋಟೆಯನ್ನು ಸಾವಿರ ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಅದರೊಳಗೆ 'ಒಳ್ಳೆಯವರು', ಅಂದರೆ ಹೆಸರೆತ್ತಿ ಕರೆಯಬಾರದ ಕಿನ್ನರರು, ಇದ್ದಾರೆ, ಅವರ ಮುಳ್ಳುಮರದ ಒಂದು ಕೊಂಬೆ ಕಡಿದರೂ ಕೊಟ್ಟಿಗೆಯ ಹಾಲು ಬತ್ತುತ್ತದೆ ಎಂದು ನನ್ನಜ್ಜಿ ಅಟ್ರಾಕ್ಟಾ ಈಗಲೂ ಹೇಳುತ್ತಾಳೆ. ಸಂಬಳ ಕೇಳದ ಈ ಕಾವಲು ಚೆನ್ನಾಗಿಯೇ ನಡೆದಿತ್ತು. ಹೋದ ತಿಂಗಳು ತಾವು ದೊಡ್ಡ ಮನಸ್ಸು ಮಾಡಿ ಬೋರ್ಡ್ ನೆಟ್ಟಿರಿ: ಇದು ಸಂರಕ್ಷಿತ ಸ್ಮಾರಕ, ಕಟ್ಟುಕಥೆಗಳಿಗೂ ಇದಕ್ಕೂ ಸಂಬಂಧವಿಲ್ಲ, ಹಿಂದಿನ ಕಾಲದ ರೈತನೊಬ್ಬ ತನ್ನ ಮನೆ, ದನಕರುಗಳ ಸುತ್ತ ಎಬ್ಬಿಸಿಕೊಂಡ ದಿಬ್ಬವಷ್ಟೇ. ಎಂಥ ತಿಳಿಯಾದ ಬರವಣಿಗೆ! ಶಾಲೆ ಅರ್ಧಕ್ಕೆ ಬಿಟ್ಟ ನನಗೂ ಒಂದೇ ಓದಿಗೆ ಅರ್ಥವಾಯಿತು. ಕೆಟ್ಟ ಗಳಿಗೆ, ಮಲಕಿಯವರಿಗೂ ಅರ್ಥವಾಯಿತು.

"ಬರೀ ದನದ ದೊಡ್ಡಿಯೇನೋ ಇದು? ನಮ್ಮಪ್ಪ ಸಾಯೋ ತನಕ ಇದರ ಮುಂದೆ ಟೋಪಿ ತೆಗೆದು ನಡೀತಿದ್ದನಲ್ಲೋ! ಸೋಮವಾರ ಜೆಸಿಬಿ ತಂದು ನೆಲಸಮ ಮಾಡು" ಎಂದು ನಮ್ಮ ಅಡುಗೆಮನೆಯಲ್ಲಿ ಚಹಾ ಹೀರುತ್ತಲೇ ಅಪ್ಪಣೆ ಕೊಟ್ಟರು. ಜೆಸಿಬಿ ಅವರದು, ಓಡಿಸುವ ಕೂಲಿ ನನ್ನದು. ಕಾನೂನು ಇದೆಯಲ್ಲ ಎಂದೆ.

"ಕಾನೂನಿಗೆ ವಕೀಲ ಸಿಕ್ತಾನೆ ಕಣೋ. ಆ ಒಳಗಿರೋರ ಹತ್ರ ವಾದ ಮಾಡೋಕೆ ಯಾವ ವಕೀಲನೂ ಬರ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

"ಅಷ್ಟು ಧೈರ್ಯ ಬಂದಿದ್ರೆ ನೀನೇ ಓಡಿಸೋ ಮಲಕಿ, ನನ್ನ ಮೊಮ್ಮಗನನ್ನ ಯಾಕೆ ಕಳಿಸ್ತೀಯ?" ಎಂದಳು ಅಜ್ಜಿ. ಮಲಕಿಯವರಿಗೆ ತಟ್ಟನೆ ಮಂಡಿನೋವು ನೆನಪಾಯಿತು.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ದಯಮಾಡಿ ಆ ಬೋರ್ಡ್ ಕಿತ್ತು 'ಒಳಗಿರುವವರ ಸಿಟ್ಟಿಗೆ ಕಚೇರಿ ಹೊಣೆಯಲ್ಲ' ಎಂದು ಬರೆಸಿರಿ. ಆಗದಿದ್ದರೆ ಒಳ್ಳೆಯವರನ್ನೇ ಕಾವಲು ಹುದ್ದೆಗೆ ನೇಮಿಸಿರಿ, ಪಿಂಚಣಿ ಕೇಳುವ ಜನವಲ್ಲ. ಸುಳ್ಳು ಹೇಳಲಾರೆ, ಅವರನ್ನು ನಾನು ನಂಬುವುದಿಲ್ಲ. ಆದರೆ ತಮ್ಮ ಬೋರ್ಡಿನ ಆ ರೈತನನ್ನು ನಂಬುತ್ತೇನೆ. ಅವನು ಸಲಿಕೆ ಹಿಡಿದು ಬೆನ್ನು ಬಗ್ಗಿಸಿ ಎತ್ತಿದ್ದನ್ನು ನಾನು ಸೀಟಿನಲ್ಲಿ ಕೂತು ಒಂದು ಬೆಳಿಗ್ಗೆಯಲ್ಲಿ ಕೆಡವಲಾರೆ, ಕೆಲಸ ಹೋದರೂ ಸರಿ.

ಬಹುಶಃ ನಾಳೆಯಿಂದ ಪೂರ್ತಿ ಬಿಡುವಾಗಿರುವ,
ತಮ್ಮ ವಿಶ್ವಾಸಿ,
ಡೆಕ್ಲನ್ ಟುವೋಹಿ

ಮರೆತಿದ್ದ ಮಾತು: ಜೆಸಿಬಿಯ ಕೀಲಿಯನ್ನು ಇಂದು ಬೆಳಿಗ್ಗೆ ಕೋಟೆಯ ನಡುವಿನ ಮುಳ್ಳುಮರಕ್ಕೆ ನೇತುಹಾಕಿ ಬಂದು, ಮಲಕಿಯವರಿಗೂ ಹೇಳಿದೆ. ಆಗಿನಿಂದ ಅವರು "ದನದ ದೊಡ್ಡಿ, ಬರೀ ದನದ ದೊಡ್ಡಿ" ಎನ್ನುತ್ತ ದಿಬ್ಬದ ಹೊರಗೇ ನಿಂತಿದ್ದಾರೆ, ಟೋಪಿ ಕೈಯಲ್ಲಿದೆ. ತಮ್ಮವರು ಯಾರಾದರೂ ಬಂದು ಕೀಲಿ ತೆಗೆದುಕೊಟ್ಟಾರೇ ಎಂದು ನನ್ನ ಮೂಲಕ ತಮ್ಮನ್ನು ಕೇಳಿದ್ದಾರೆ. ಬೋರ್ಡ್ ನೆಟ್ಟ ದಿನ ತಮ್ಮ ಅಧಿಕಾರಿಗಳು ದಿಬ್ಬ ದಾಟದೆ ಬೇಲಿಯಾಚೆಯಿಂದಲೇ ಫೋಟೊ ತೆಗೆದುಕೊಂಡು ಹೋದದ್ದನ್ನು ನೋಡಿದವನಾದ್ದರಿಂದ, ನಾನು ನಿಶ್ಚಿಂತನಾಗಿದ್ದೇನೆ.