ದೆವ್ವಕ್ಕೆ ಏನು ಬೇಕಿತ್ತು ಅಂತ ಯಾರೂ ಕೇಳಲಿಲ್ಲ

ಹೆದರಿಸುವ ವಿಡಿಯೋ ಗೇಮ್‌ಗಳನ್ನು ಸಿನಿಮಾದವರು ಸಿನಿಮಾ ಮಾಡುತ್ತಲೇ ಇರುತ್ತಾರೆ, ಅವು ಕೆಡುತ್ತಲೇ ಇರುತ್ತವೆ, ಕೆಟ್ಟಿವೆ ಅಂತ ಬರೆಯಲು ಕೂತ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ವಾರವೆಲ್ಲಾ ವಸಂತನರಸಾಪುರದ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಭಾನುವಾರ ತುಮಕೂರಿನದೇ ಒಂದು ಪುಟ್ಟ ವೆಬ್‌ಸೈಟಿಗೆ ಇಂಥ ಸಿನಿಮಾಗಳ ವಿಮರ್ಶೆ ಬರೆಯುತ್ತೇನೆ. ಗೇಮ್ ಮೊದಲೇ ಆಡಿರುತ್ತೇನೆ. ಸಿನಿಮಾ ಅದಕ್ಕೆ ನ್ಯಾಯ ಒದಗಿಸಿದೆಯಾ ಅಂತ ಹೇಳಬೇಕು, ಅಷ್ಟೇ. ನನ್ನದು ಅಂತ ನನಗೆ ಇರುವ ಕೆಲಸ ಅದೊಂದೇ.

ಅದಕ್ಕೂ ಕುತ್ತು ಬಂತು. ವೆಬ್‌ಸೈಟ್ ನಡೆಸುವ ಸರ್ ಫೋನ್ ಮಾಡಿದರು. "ಓದೋರು ಯಾರೂ ಇಲ್ಲಮ್ಮ. ಇನ್ಮೇಲೆ ಎಲ್ಲಾ ಆಡಿಯೋ. ಮುಂದಿನ ತಿಂಗಳು ಬರೋ ದೆವ್ವದ ಸಿನಿಮಾಕ್ಕೆ ನೀವೇ ಮಾತಾಡಿ ಕಳ್ಸಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಫೈಟ್ ಸಿನಿಮಾ ನೋಡೋ ಹುಡುಗಂಗೆ ಇದನ್ನೂ ಕೊಟ್ಬಿಡ್ತೀನಿ."

"ಹೂಂ ಸರ್" ಅಂದೆ. ಫೋನಿನಲ್ಲಿ ನಾನು ಆಡುವ ಅತಿ ಉದ್ದದ ಮಾತು ಅದು.

ಕಂಪನಿ ಬಸ್ಸಿನ ಅಕ್ಕ

ಮಾರನೇ ದಿನ ಕಂಪನಿ ಬಸ್ಸಿನಲ್ಲಿ ನನ್ನ ಮುಖ ನೋಡಿ, ಪಕ್ಕದ ಸೀಟಿನ ಪ್ಯಾಕಿಂಗ್ ಸೆಕ್ಷನ್ ಅಕ್ಕ "ಏನಾಯ್ತೇ?" ಅಂದರು. ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ದೆವ್ವದ್ದೆಲ್ಲಾ ನಿಂಗೊತ್ತು?"

"ಸಿನಿಮಾದ್ದು ಅಕ್ಕ. ಗೇಮ್‌ದು."

"ಯಾವ್ದಾದ್ರೇನು ಬಿಡು. ನಮ್ ಪಾಪು ನಿದ್ದೇಲಿ ಬೆಚ್ಚಿ ಬೀಳ್ತದೆ ಕಣೇ. ಏನ್ ಮಾಡ್ಲಿ?"

ನನಗೆ ಗೊತ್ತಿಲ್ಲ ಅನ್ನಲೂ ಧೈರ್ಯ ಬೇಕು. ಅದಿಲ್ಲದೆ, "ಮಲಗೋಕೆ ಮುಂಚೆ ಮೊಬೈಲ್ ಕೊಡ್ಬೇಡಿ" ಅಂದುಬಿಟ್ಟೆ. ಪಾಪು ಸುಖವಾಗಿ ಮಲಗಿತು. ಒಂದು ವಾರದೊಳಗೆ ಬಸ್ಸಿನ ಹಿಂದಿನ ಸೀಟಿನವರೆಲ್ಲ ಒಬ್ಬೊಬ್ಬರಾಗಿ ಬಂದು ಮಕ್ಕಳ ಸಮಾಚಾರ ಹೇಳತೊಡಗಿದರು. ಇಷ್ಟು ವರ್ಷ ಬರೆದರೂ ಒಬ್ಬರೂ ನನ್ನ ವಿಮರ್ಶೆ ಓದಿಲ್ಲ. ನಿಂಬೆಹಣ್ಣು ಮಾತ್ರ ಇಬ್ಬರು ತಂದುಕೊಟ್ಟಿದ್ದಾರೆ, ಮಂತ್ರಿಸಿಕೊಡು ಅಂತ.

ಬೋಂಡಾ ಬೇಯುವ ತನಕ

ಸರ್ ಹೇಳಿದ ಸಿನಿಮಾಕ್ಕೆ ಮುಂಚೆ ಇನ್ನೊಂದು ಬಂತು, ಕನ್ನಡಕ್ಕೆ ಡಬ್ ಆಗಿದ್ದು. ತುಮಕೂರಿನಲ್ಲಿ ನಾನು ಹೋಗುವಷ್ಟರಲ್ಲಿ ತೆಗೆದುಹಾಕಿದ್ದರು. ಕುಣಿಗಲ್ಲಿನಲ್ಲಿ ಓಡುತ್ತಿದೆ ಅಂತ ಗೊತ್ತಾಗಿ, ಅಲ್ಲಿರುವ ಚಿಕ್ಕಮ್ಮನನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ.

ತೆರೆಯ ಮೇಲೆ ನಾಯಕಿ ಪಾಳುಬಿದ್ದ ಆಸ್ಪತ್ರೆಯೊಳಗೆ ಕಾಲಿಟ್ಟಳು. ಕತ್ತಲೊಳಗಿಂದ ಒಂದು ಧ್ವನಿ: "ನೀನು ಇಲ್ಲಿಗೆ ಬರಬಾರದಿತ್ತು, ಮಗುವೇ."

ಹಿಂದಿನ ಸಾಲಿನಿಂದ ಒಬ್ಬರು, "ಲಾಸ್ಟ್ ಬಸ್ ಹೊಂಟೋಗಿತ್ತು ಕಣವ್ವ, ಇನ್ನೆಲ್ಲಿಗ್ ಹೋದಾಳು?" ಅಂದರು. ಅಲ್ಲಿಗೆ ಅರ್ಧ ಭಯ ಹೋಯಿತು.

ಉಳಿದರ್ಧ ನಾಯಕಿ ಕೊನೇ ಬಾಗಿಲ ಹಿಡಿಗೆ ಕೈ ಹಾಕಿದಾಗ ಹೋಯಿತು. ಗೇಮ್‌ನಲ್ಲಿ ಆ ಬಾಗಿಲು ತೆರೆಯಲು ನಾನು ಎರಡು ದಿನ ಹಿಂದೆಮುಂದೆ ನೋಡಿದ್ದೆ. ಇಲ್ಲೂ ಉಸಿರು ಹಿಡಿದು ಕೂತೆ. ಬಾಗಿಲು ಒಂದು ಗೇಣು ತೆರೆಯಿತು. ಟಪ್ ಅಂತ ಲೈಟು ಬಂತು. ಇಂಟರ್‌ವಲ್.

ಹೊರಗೆ ಕ್ಯಾಂಟೀನಿನವರನ್ನು ಚಿಕ್ಕಮ್ಮ ತರಾಟೆಗೆ ತೆಗೆದುಕೊಂಡರು. "ಅಲ್ಲಿ ಯಾಕ್ರೀ ನಿಲ್ಸಿದ್ದು?"

"ಇಂಗ್ಲಿಷ್ ಸಿನಿಮಾದಲ್ಲಿ ಇಂಟರ್‌ವಲ್ ಇರಲ್ಲ ಅಕ್ಕ. ಬೋಂಡಾ ಬೆಂದ್ ತಕ್ಷಣ ನಾನು ಕೈ ತೋರಿಸ್ತೀನಿ, ಆಪರೇಟ್ರು ನಿಲ್ಲುಸ್ತಾರೆ."

ಚಿಕ್ಕಮ್ಮ ಬೋಂಡಾ ಮುರಿದು ನೋಡಿದರು. "ಒಳಗಡೆ ಇನ್ನೂ ಹಸಿ ಐತೆ. ಇನ್ನೊಂದೆರಡು ನಿಮಿಷ ಬಿಟ್ಟಿದ್ರೆ ಬೋಂಡಾನೂ ಬೇಯೋದು, ಬಾಗ್ಲೂ ತೆಗೆಯೋದು!"

ಗೇಟಿನ ಹೊರಗೆ ಭಾವ

ಸರ್ ಹೇಳಿದ ಸಿನಿಮಾದ ಮೂಲ ಗೇಮ್ ಬಗ್ಗೆ ಮಾತಾಡಿ ಅಭ್ಯಾಸ ಮಾಡಲು ಗುಬ್ಬಿಯಲ್ಲಿರುವ ನನ್ನ ಸ್ವಂತ ಅಕ್ಕನ ಮನೆಗೆ ಹೋದೆ. ಅವರೇಕಾಯಿ ಸುಲಿಯುತ್ತಾ ಎರಡು ನಿಮಿಷ ಕೇಳಿಸಿಕೊಂಡ ಅಕ್ಕ, "ಯಾರೋ ತೀರ್ಕೊಂಡಿರೋ ಸುದ್ದಿ ಹೇಳ್ದಂಗಿದೆ ಕಣೇ" ಅಂದಳು.

ಭಾವನಿಗೆ ಪಾಪ ಅನ್ನಿಸಿತೇನೋ. "ಆ ಗೇಮ್ ಅಂದ್ರೆ ಅಷ್ಟು ಭಯ ಆಗೋದು ಯಾಕೆ ಅಂತ ನಂಗ್ ತೋರ್ಸು, ಆಮೇಲೆ ಮಾತು ತಾನಾಗೇ ಬರುತ್ತೆ" ಅಂದರು. ಗೇಮ್ ಹಾಕಿ ಲ್ಯಾಪ್‌ಟಾಪ್ ಕೊಟ್ಟೆ. ಆಟದ ಶುರುವಿನಲ್ಲಿ ಒಬ್ಬ ಮನುಷ್ಯ ಹಾಳುಬಿದ್ದ ಬಂಗಲೆಯ ಗೇಟಿನ ಮುಂದೆ ನಿಂತಿರುತ್ತಾನೆ. ಭಾವ ಅವನನ್ನು ಅಲ್ಲೇ ನಿಲ್ಲಿಸಿದರು.

"ಒಳಗೆ ಹೋಗಿ ಭಾವ."

"ಯಾಕೆ?"

"ಒಳಗೆ ದೆವ್ವ ಇದೆ."

"ಇದೆ ಅಂತ ಗೊತ್ತಿದ್ದೂ ಯಾಕ್ ಹೋಗ್ಬೇಕು?"

"ಹೋಗ್ದಿದ್ರೆ ಆಟ ಮುಂದಕ್ಕೆ ಹೋಗಲ್ಲ."

"ಹೋಗ್ದಿದ್ರೆ ಬುಡು. ಗಾಳಿ ಚೆನ್ನಾಗದೆ, ಇಲ್ಲೇ ಆರಾಮಾಗವ್ನೆ."

ಅಕ್ಕ ಕಾಯಿ ಸುಲಿದು ಮುಗಿಸುವವರೆಗೂ ಅವನು ಗೇಟಿನ ಮುಂದೆಯೇ ನಿಂತಿದ್ದ. ಭಾವ ತೃಪ್ತಿಯಿಂದ ಲ್ಯಾಪ್‌ಟಾಪ್ ವಾಪಸ್ ಕೊಟ್ಟರು. "ಒಳ್ಳೇ ಗೇಮ್ ಕಣಮ್ಮ. ಒಬ್ರೂ ಸಾಯ್ಲಿಲ್ಲ."

ಚೇಳೂರಿನ ವಿಮರ್ಶೆ

ಕೊನೆಗೆ ಸರ್ ಹೇಳಿದ ಸಿನಿಮಾ ಓಟಿಟಿಯಲ್ಲಿ ಬಂತು. ಭಾನುವಾರ ಸಂಜೆಯೊಳಗೆ ಆಡಿಯೋ ಕಳಿಸಬೇಕು. ನಮ್ಮ ಮನೆಯ ಪಕ್ಕ ಟೈಲ್ಸ್ ಕೊಯ್ಯುತ್ತಿದ್ದರು. ಅದಕ್ಕೇ ಬೆಳಗ್ಗೆ ಬಸ್ ಹತ್ತಿ ಚೇಳೂರಿಗೆ, ಅಜ್ಜಿ ಮನೆಗೆ ಹೋದೆ. ಡೌನ್‌ಲೋಡ್ ಮಾಡಿಕೊಂಡಿದ್ದ ಸಿನಿಮಾವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ರಾಗಿ ಕೇರುತ್ತಿದ್ದ ಅಜ್ಜಿ ಮೊರ ಹಿಡಿದೇ ಪಕ್ಕಕ್ಕೆ ಬಂದು ಕೂತಿತು.

"ಯಾಕವ್ವ ಎಲ್ರೂ ಹಂಗೆ ಕಿರುಚ್ಕೊಂಡ್ ಓಡ್ತಾವ್ರೆ?"

"ದೆವ್ವ ಅಜ್ಜಿ."

"ಅದ್ಕೇನ್ ಬೇಕಂತೆ?"

"ಗೊತ್ತಿಲ್ಲ."

"ಕೇಳಿದ್ರಾ?"

"ಯಾರೂ ಕೇಳಲ್ಲ ಅಜ್ಜಿ. ಓಡ್ತಾರೆ."

ಅಜ್ಜಿ ಮೊರ ಕೆಳಗಿಟ್ಟಿತು. "ನಿಮ್ ದೊಡ್ಡಮ್ಮಂಗೆ ಹಿಡ್ಕೊಂಡಿದ್ದಾಗ ನಾನೇ ಎದುರ್ಗೆ ಕೂತ್ಕೊಂಡ್ ಕೇಳ್ದೆ. ಯಾರವ್ವ ನೀನು, ಏನ್ ಬೇಕವ್ವ, ಅಂತ. ಹಸ್ರು ಸೀರೆ, ಮೊಸರನ್ನ ಅಂತು. ಇಕ್ಕುದ್ವಿ. ಹೊಂಟೋಯ್ತು. ಅದ್ಕೆ ಇಷ್ಟೊಂದ್ ಜನ ಸಾಯ್ಬೇಕಾ?"

ಸಿನಿಮಾ ಮುಗಿದ ಮೇಲೆ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, "ನಮಸ್ಕಾರ, ಈ ಚಿತ್ರದ ವಾತಾವರಣ..." ಅಂದೆ. ಸರಿಹೋಗಲಿಲ್ಲ, ರೆಕಾರ್ಡಿಂಗ್ ನಿಲ್ಲಿಸದೆಯೇ ಮತ್ತೆ "ನಮಸ್ಕಾರ" ಅಂದೆ. ಒಳಗಿನಿಂದ ಅಜ್ಜಿ, "ಯಾರವ್ವ ಬಂದೋರು?" ಅಂತ ಹೊರಗೆ ಬಂದು, ಯಾರೂ ಇಲ್ಲದ್ದು ನೋಡಿ, ಮತ್ತೆ ಅದೇ ಮಾತಿಗೆ ಬಂತು. "ಅಷ್ಟ್ ಓದಿರೋರು, ಒಂದ್ ಮಾತು ಕೇಳ್ಬಾರ್ದಾ?"

ನನಗೂ ಸಾಕಾಗಿತ್ತು. "ಗೇಮ್‌ನಲ್ಲಿ ಕೇಳ್ಬೋದಿತ್ತು ಅಜ್ಜಿ! ಓಡೋದು ಬಿಟ್ಟು ಆ ದೆವ್ವದ ಪಕ್ಕ ಕೂತ್ರೆ ಅವಳೇ ತನ್ನ ಕಥೆ ಹೇಳ್ತಾಳೆ. ಕೇಳ್ತಾ ಕೇಳ್ತಾ ಕೈಕಾಲು ತಣ್ಣಗಾಗುತ್ತೆ, ಅಳೂನೂ ಬರುತ್ತೆ. ಅದೊಂದನ್ನ ಕಿತ್ತಾಕಿ ಬರೀ ಓಡಿಸಿದ್ದಾರೆ! ಅವಳು ಯಾರು ಅಂತಾನೇ ಗೊತ್ತಿಲ್ದಿದ್ರೆ ಭಯ ಎಲ್ಲಿಂದ ಬರ್ಬೇಕು?"

"ಅಂಗನ್ನು ಮತ್ತೆ! ಆಟ ಮಾಡ್ದೋನ್ಗೆ ಬುದ್ಧಿ ಅದೆ, ಸಿನಿಮಾದೋನ್ಗಿಲ್ಲ."

ಆಮೇಲೆ ಅಜ್ಜಿಯನ್ನು ಅಡುಗೆಮನೆಗೆ ಕಳಿಸಿ, ಹೊಸ ರೆಕಾರ್ಡಿಂಗ್ ಶುರು ಮಾಡಿ, ಬರೆದಿಟ್ಟಿದ್ದನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ನಿಂತು, ಬಿಸಿಲಿಗೆ ಫೋನಿನ ಸ್ಕ್ರೀನ್ ಕಾಣದೆ, ಅಂದಾಜಿನ ಮೇಲೆ ಫೈಲ್ ಕಳಿಸಿದೆ.

ಕೆಳಗಿಳಿದು ನೆರಳಿನಲ್ಲಿ ನೋಡಿದರೆ, ಹೋಗಿದ್ದದ್ದು ಅಜ್ಜಿಯ ಜೊತೆ ಜಗಳವಾಡಿದ ಮೊದಲ ಫೈಲು. ಅಳಿಸಿಹಾಕಲು ಮತ್ತೆ ಮಹಡಿ ಹತ್ತುವಷ್ಟರಲ್ಲಿ ಸರ್ ಫೋನೇ ಬಂತು. ನನ್ನ ಕೆಲಸ ಆ ಫೈಟ್ ಸಿನಿಮಾ ಹುಡುಗನ ಪಾಲಾಯಿತು ಅಂದುಕೊಂಡೇ ಎತ್ತಿದೆ.

"ಏನಮ್ಮ, ಇಷ್ಟು ಚೆನ್ನಾಗಿ ಮಾತಾಡ್ತೀರಾ! ಇಷ್ಟ್ ದಿನ ಎಲ್ಲಿಟ್ಟಿದ್ರಿ ಈ ಬಾಯಿನ? ಕಾಲಂ ನಿಮ್ದೇ. ಆದ್ರೆ ಪ್ರತಿ ಸಲ ಆ ಅಜ್ಜಿನೂ ಇರ್ಬೇಕು."

"ಹೂಂ ಸರ್."

"ಪಾಪ ವಯಸ್ಸಾದೋರು, ಪುಕ್ಕಟೆ ಕೂರ್ಸಕ್ಕಾಗುತ್ತಾ? ಅಜ್ಜಿಗೆ ಏನ್ ಬೇಕಂತೆ ಕೇಳಿ."

ಟ್ಯಾಂಕಿನ ಪಕ್ಕದಿಂದಲೇ ಬಗ್ಗಿ, ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯನ್ನು ಕೇಳಿದೆ. "ಅಜ್ಜೀ, ನಿಂಗೇನ್ ಬೇಕಂತ ಕೇಳ್ತಿದ್ದಾರೆ!"

ಅಜ್ಜಿ ತಲೆ ಎತ್ತಲೂ ಇಲ್ಲ. "ಹಸ್ರು ಸೀರೆ, ಮೊಸರನ್ನ. ಇಕ್ಲಿಲ್ಲ ಅಂದ್ರೆ ನಿಮ್ ಸಾಹೇಬ್ರುನ್ನೇ ಹಿಡ್ಕೋತೀನಿ ಅನ್ನು."