ಬೆನ್ನು ಹಾಕಿದ ಸೂರ್ಯಕಾಂತಿ

ಸೂರ್ಯಕಾಂತಿ ಅರಳಿದ ದಿನ ದೇವೀರಪ್ಪನಿಗೆ ಮೊದಲು ಕಂಡಿದ್ದು ಅದರ ಬೆನ್ನು.

ಬೆಳಗ್ಗೆ ಎದ್ದು ಜಗುಲಿಗೆ ಬಂದು ನೋಡುತ್ತಾನೆ, ಹೊಲದ ತುಂಬ ಹಸಿರು ಬೆನ್ನುಗಳು. ಒಂದು ಹೂವಾದರೂ ಅವನ ಕಡೆ ತಿರುಗಿರಲಿಲ್ಲ. ಎಲ್ಲವೂ ಮಾತಾಡಿಕೊಂಡಂತೆ ಮೂಡಲಿಗೆ ಮುಖ ಮಾಡಿ ನಿಂತಿದ್ದವು. ಮೂಡಲಲ್ಲಿ, ಬದುವಿನ ಆಚೆಗೆ, ಅವನ ಅಣ್ಣ ತೀರ್ಥಪ್ಪನ ಹಿತ್ತಿಲು. ಸೂರ್ಯ ಇನ್ನೂ ಆ ಕಡೆ ಇದ್ದಾನಲ್ಲ ಎಂದು ದೇವೀರಪ್ಪ ಸಂಜೆಯವರೆಗೆ ಕಾದ. ಸಂಜೆ ಸೂರ್ಯ ಅವನ ಮನೆಯ ಹಿಂದಕ್ಕೆ ಬಂದು ಇಳಿದರೂ ಹೂವುಗಳು ಅಣ್ಣನ ಹಿತ್ತಿಲಿನಿಂದ ಕಣ್ಣು ಕೀಳಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಶಿವನಿಯ ಆಸುಪಾಸಿನಲ್ಲಿ ಸೂರ್ಯಕಾಂತಿ ಆಗಿನ್ನೂ ಹೊಸದು. ಬೀಜ ಕೊಡುವಾಗ ಗ್ರಾಮಸೇವಕರು, "ಸೂರ್ಯ ಎತ್ತಲಾಗೋ ಅತ್ತಲಾಗೇ ತಿರುಗುತ್ತೆ ದೇವೀರಪ್ಪನೋರೇ. ಬೆಳಗ್ಗೆ ಮೂಡ್ಲಿಗೆ, ಸಂಜೆ ಪಡುವಲಿಗೆ," ಎಂದಿದ್ದರು. ಬೆಳಗ್ಗೆ ಅಣ್ಣನಿಗೆ, ಸಂಜೆ ತನಗೆ ಎಂದು ದೇವೀರಪ್ಪ ಲೆಕ್ಕ ಹಾಕಿದ್ದ. ಮನೆ ಪಾಲಾದಾಗ ಪಂಚಾಯ್ತಿ ಸೇರಿದವರೂ ಇಷ್ಟು ನ್ಯಾಯವಾಗಿ ಹಂಚಿರಲಿಲ್ಲ. ಮೊಗ್ಗಾಗಿದ್ದಷ್ಟು ದಿನ ಗಿಡಗಳು ಮಾತಿಗೆ ತಪ್ಪದೆ ತಿರುಗಿದವು. ಅರಳಿದ್ದೇ ತಡ, ಕತ್ತು ಬಿಗಿದುಕೊಂಡು ಮೂಡಲಿಗೇ ನಿಂತುಬಿಟ್ಟವು. ಕೇಳಿದ್ದಕ್ಕೆ ಗ್ರಾಮಸೇವಕರು ತಲೆ ಕೆರೆದುಕೊಂಡು, "ಬಲಿತ ಮೇಲೆ ತಿರುಗಲ್ವಂತೆ ಕಣ್ರೀ. ಅದು ಪುಸ್ತಕದ ಮುಂದಿನ ಪುಟದಲ್ಲಿತ್ತು, ನಾನು ಅಷ್ಟು ದೂರ ಓದಿರ್ಲಿಲ್ಲ," ಎಂದರು.

ಇಷ್ಟಕ್ಕೇ ಸಂಕಟಪಡುವುದೇ ಎಂದು ನಿಮಗೆ ಅನಿಸಬಹುದು. ದೇವೀರಪ್ಪನ ಸಂಕಟ ಬೇರೆ ಇತ್ತು. ಎಂಟು ವರ್ಷದ ಹಿಂದೆ, ಪಾಲಾಗುವ ದಿನ, ತೀರ್ಥಪ್ಪ ಹತ್ತು ಜನರ ಎದುರು ಒಂದು ಮಾತು ಆಡಿದ್ದ: "ನಮ್ಮ ದೇವೀರನಿಗೆ ಬೇಸಾಯ ಬರಲ್ಲ. ಕಾಳು ಯಾವ್ದು, ಜೊಳ್ಳು ಯಾವ್ದು ಗೊತ್ತಾಗಲ್ಲ. ತೆಂಗಿನ ತೋಟ ಅವನಿಗೇ ಇರ್ಲಿ ಬಿಡಿ, ತೆಂಗು ಹೆಂಗೋ ತಾನೇ ಬೆಳ್ಕೊಳ್ಳುತ್ತೆ."

ಆ ಮಾತಿನ ಕೊನೆಯಲ್ಲಿ ಒಂದು ಇಡೀ ತೋಟ ಇತ್ತು. ದೇವೀರಪ್ಪನ ಕಿವಿಗೆ ಬಿದ್ದಿದ್ದು ಮೊದಲ ಭಾಗ ಮಾತ್ರ. ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಅಷ್ಟು ವರ್ಷವೂ ಅವನು ರಾಗಿ ಬಿತ್ತಿದ, ಹತ್ತಿ ಹಾಕಿದ, ಕಡಲೆಕಾಯಿ ಬೆಳೆದ. ಯಾವುದನ್ನು ಬೆಳೆದರೂ ಆಸೆ ಒಂದೇ: ಅಣ್ಣ ಬದುವಿನ ತನಕ ಬಂದು, 'ಚೆನ್ನಾಗಿ ಬೆಳೆದಿದೀಯ ಕಣೋ' ಅನ್ನಬೇಕು. ಅಷ್ಟು ಅಂದಿದ್ದರೆ ಅವನು ಆ ಬದುವಿನ ಮೇಲೇ ಕಾಲು ಹಿಡಿಯುತ್ತಿದ್ದನೇನೋ. ಹೊರಗೆ ಮಾತ್ರ, "ಆ ಮನೆ ಸುದ್ದಿ ನನ್ನ ಮುಂದೆ ಎತ್ತಬೇಡಿ," ಎಂದು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ. ಹೆಂಡತಿ ಮಲ್ಲಿಕಾಂಬ ಹೋದ ವರ್ಷ ಒಂದೆರಡು ಸಲ, "ಭಾವನೋರಿಗೆ ಪಾಪ..." ಎಂದು ಶುರು ಮಾಡಿದ್ದಳು. ಅವನು ತಟ್ಟೆ ಬಿಟ್ಟೆದ್ದು ಹೋಗಿದ್ದ. ಆಮೇಲೆ ಅವಳೂ ಸುಮ್ಮನಾದಳು.

ಅಣ್ಣನ ಹಿತ್ತಿಲ ಹುಣಸೇಮರದಲ್ಲಿ ಒಂದು ಜೇನು ಕಟ್ಟಿತ್ತು. ಅದರ ಹುಳಗಳು ಬದು ದಾಟಿ ತನ್ನ ಹೂವಿಗೆ ಬರುವುದನ್ನು ಕಂಡ ದೇವೀರಪ್ಪ ಆಳು ಕೆಂಚಪ್ಪನ ಕೈಯಲ್ಲಿ ಹೊಲದ ಉದ್ದಕ್ಕೂ ಹುಳ ಸಾಯುವ ಪುಡಿ ಹೊಡೆಸಿದ. "ಯಾವ ಹುಳಕ್ಕೆ ಯಜಮಾನ್ರೇ?" ಎಂದು ಕೆಂಚಪ್ಪ ಕೇಳಿದ್ದಕ್ಕೆ, "ಆ ಮನೆ ಹುಳಕ್ಕೆ," ಎಂದಿದ್ದ. ಸಿಟ್ಟು ಹುಳದ ತನಕ ಇಳಿದಿತ್ತು ಎಂದ ಮೇಲೆ ಇನ್ನು ಹೇಳುವುದೇನು.

ಹೀಗೆ ಹದಿನೈದಿಪ್ಪತ್ತು ದಿನ ಕಳೆದ ಮೇಲೆ, ರೈಲ್ವೆ ಗೇಟಿನ ಹತ್ತಿರ ಹೋಟೆಲು ಇಟ್ಟುಕೊಂಡಿದ್ದ ಷಣ್ಮುಖಪ್ಪ ಒಂದು ಬೆಳಗ್ಗೆ ಬಂದು ಜಗುಲಿಯ ಮೇಲೆ ಕೂತ. ಊರಿನ ಸುದ್ದಿಯೆಲ್ಲ ಅವನ ಹೋಟೆಲಿನಲ್ಲಿ ಕುದಿಯುತ್ತಿತ್ತು. ಕಾಫಿಗಿಂತ ಸುದ್ದಿಯೇ ಗಟ್ಟಿಯಾಗಿರುತ್ತಿತ್ತು.

"ನಿನ್ನ ಹೂವು ನೋಡೋಕೆ ಅಜ್ಜಂಪುರದಿಂದೆಲ್ಲ ಜನ ಬತ್ತವ್ರೆ ದೇವೀರಪ್ಪ."

"ನಮ್ಮನೆ ಕಡೆ ಯಾರೂ ಬಂದಿಲ್ವಲ್ಲ."

"ಇಲ್ಲಿಗೆ ಬಂದು ಬೆನ್ನು ನೋಡ್ತಾರೇನು? ನಿಮ್ಮಣ್ಣನ ಹಿತ್ತಿಲಿಗೆ ಹೋಗ್ತಾರೆ. ಹೂವು ನೋಡಿ, ಕಾಫಿ ಕುಡ್ಕೊಂಡು ಹೋಗ್ತಾರೆ. ನಿನ್ನೆ ಕಡೂರಿನವರೊಬ್ರು, 'ಭಾಳ ಚೆನ್ನಾಗಿ ಬೆಳ್ಸಿದೀರಿ' ಅಂತ ನಿಮ್ಮಣ್ಣನ ಕೈ ಕುಲುಕಿದ್ರಂತೆ."

"ಅದಕ್ಕೆ ಅವನೇನಂದ?"

"ಸುಮ್ನೆ ನಕ್ಕರಂತೆ. ಅದಿರ್ಲಿ, ದಿನಾ ಸಂಜೆ ಹಿತ್ತಿಲಲ್ಲಿ ಕುರ್ಚಿ ಹಾಕ್ಕೊಂಡು ನಿನ್ನ ಹೊಲದ ಕಡೆನೇ ಮುಖ ಮಾಡಿ ಕೂತಿರ್ತಾರೆ. ನಮ್ಮ ಗೇಟಿನ ಹತ್ರದಿಂದಾನೇ ಕಾಣುತ್ತೆ. ರೆಪ್ಪೆ ಬಡಿಯಲ್ಲ ಪುಣ್ಯಾತ್ಮ."

ರೈಲ್ವೆ ಗೇಟಿನಿಂದ ಒಬ್ಬರ ರೆಪ್ಪೆ ಹೇಗೆ ಕಾಣುತ್ತದೆ ಎಂದು ದೇವೀರಪ್ಪ ಕೇಳಲಿಲ್ಲ. ಕುರ್ಚಿ ಹಾಕಿಕೊಂಡು ಕೂರುವುದನ್ನು ಅವನೂ ಕದ್ದು ಕದ್ದು ನೋಡಿದ್ದ. ಪ್ರತಿ ಸಂಜೆ, ಇವತ್ತು ಏಳುತ್ತಾನೆ, ಬದುವಿಗೆ ಬರುತ್ತಾನೆ, ಬಾಯಿ ಬಿಡುತ್ತಾನೆ ಎಂದು ಕಾದಿದ್ದ. ಇವನ ಬೆಳೆಯನ್ನು ದಿನವೂ ಕಣ್ತುಂಬ ನೋಡುವುದು, ಒಂದು ಒಳ್ಳೆಯ ಮಾತು ಆಡದೆ ಒಳಗೆ ಎದ್ದು ಹೋಗುವುದು. ಇದಕ್ಕಿಂತ ಅವಮಾನ ಇನ್ನೇನಿದೆ ಎಂದುಕೊಂಡ.

"ತಟ್ಟಿ ಕಟ್ಸು," ಎಂದ ಷಣ್ಮುಖಪ್ಪ. "ಬದುವಿನುದ್ದಕ್ಕೂ. ಗರಿ ನಿನ್ನ ತೋಟದಲ್ಲೇ ಬೇಕಾದಷ್ಟಿದೆ."

ಕೆಂಚಪ್ಪ ಗುಣಿ ತೋಡಿ ಗಳ ನೆಟ್ಟ. ಆಳೆತ್ತರಕ್ಕಿಂತ ಒಂದು ಮೊಳ ಮೇಲಕ್ಕೆ ಹೆಣೆದ ಗರಿಗಳನ್ನು ಕಟ್ಟತೊಡಗಿದ. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, "ಯಜಮಾನ್ರೇ, ಅವ್ರಿಗ್ಯಾಕೆ ತಟ್ಟಿ? ದೊಡ್ಡ ಯಜಮಾನ್ರಿಗೆ..." ಎಂದ.

"ಆ ಮನೆ ಸುದ್ದಿ ಎತ್ಬೇಡ ಅಂದಿಲ್ವಾ?"

ಕೆಂಚಪ್ಪ ಮತ್ತೆ ಗರಿ ಕಟ್ಟಿದ.

ತೆಂಗಿನ ಗರಿ ಮತ್ತು ಗಳ ಒಟ್ಟಿಗೆ ಕಂಡರೆ ನಮ್ಮ ಜನಕ್ಕೆ ತೋಚುವುದು ಒಂದೇ. ದಾರಿಯಲ್ಲಿ ಹೋಗುತ್ತಿದ್ದ ಜವರಮ್ಮ ನಿಂತು, "ಚಪ್ಪರನಾ ದೇವೀರಪ್ಪಣ್ಣ? ಮಗಳು ಮದ್ವೆ ಗೊತ್ತಾಯ್ತಾ?" ಎಂದಳು. ಅವನು ಉತ್ತರ ಕೊಡಲಿಲ್ಲ. ಅವಳು ಅದನ್ನು ಹೌದು ಎಂದುಕೊಂಡು ಅಂತರಘಟ್ಟೆಯ ಬಸ್ಸು ಹತ್ತಿದಳು. ಮಧ್ಯಾಹ್ನದ ಬಸ್ಸಿಗೆ ಅಂತರಘಟ್ಟೆಯಿಂದ ಮಲ್ಲಿಕಾಂಬಳ ಸೋದರಮಾವ ರೇವಣಪ್ಪ ಇಳಿದು ನೇರ ಬದುವಿಗೆ ಬಂದ.

"ಸೋದರಮಾವ ಇರೋವಾಗ ನನಗೊಂದು ಮಾತು ಹೇಳ್ದೆ ಚಪ್ಪರ ಹಾಕ್ಸಿದೀಯಲ್ಲಪ್ಪ."

"ಚಪ್ಪರ ಅಲ್ಲ ಮಾವ, ತಟ್ಟಿ."

"ನನಗೆ ತಿಳಿಯಲ್ವಾ? ಹುಡುಗ ಯಾವೂರು?"

ಎಷ್ಟು ಹೇಳಿದರೂ ಆತ ನಂಬಲಿಲ್ಲ. ಮಲ್ಲಿಕಾಂಬ ಬಂದ ನೆಂಟನಿಗಾಗಿ ಪಾಯಸ ಮಾಡಿದಳು. ಮದುವೆ ಇಲ್ಲದಿದ್ದರೆ ಪಾಯಸ ಯಾಕೆ ಎಂದು ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಉಂಡು ಬಂದು ಗರಿಯ ರಾಶಿಯ ಮೇಲೆ ಕೂತು, ಮೊದಲ ಕಂಬ ಸೊಟ್ಟಗಿದೆ, ಶುಭಕಾರ್ಯಕ್ಕೆ ಒಳ್ಳೆಯದಲ್ಲ ಎಂದು ಕೀಳಿಸಿ ಮತ್ತೆ ನೆಡಿಸಿದ. ಷಣ್ಮುಖಪ್ಪ ಹೋಟೆಲು ಮುಚ್ಚಿ ಬಂದು ಇನ್ನೊಂದು ತುದಿಯಲ್ಲಿ ನಿಂತು ಬೇರೆ ಯಜಮಾನಿಕೆ ಮಾಡಿದ. ಇಬ್ಬರು ಹೇಳಿದಂತೆ ಕಟ್ಟಿದ್ದರಿಂದ ತಟ್ಟಿ ಒಂದು ತುದಿಯಲ್ಲಿ ಮುಂದಕ್ಕೂ ಇನ್ನೊಂದು ತುದಿಯಲ್ಲಿ ಹಿಂದಕ್ಕೂ ವಾಲಿತ್ತು. ಅಂತೂ ಹೊತ್ತು ಬಾಗುವಷ್ಟರಲ್ಲಿ ಅಣ್ಣನ ಹಿತ್ತಿಲಿಗೆ ಎದುರಾದ ಭಾಗವೆಲ್ಲ ಮುಚ್ಚಿತು.

ದೇವೀರಪ್ಪ ಗರಿಯ ಸಂದಿಯಲ್ಲಿ ಕಣ್ಣಿಟ್ಟು ಕೂತ. ದಿನದಂತೆ ತೀರ್ಥಪ್ಪ ಕುರ್ಚಿ ಹಿಡಿದುಕೊಂಡು ಬಂದ. ಕೂತ. ಮುಖ ಎತ್ತಿದ. ತಟ್ಟಿಯ ನೆರಳು ಅವನ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವನು ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿದ.

"ಹುಡುಕ್ತಾವ್ನೆ," ಎಂದು ದೇವೀರಪ್ಪ ಪಿಸುಗುಟ್ಟಿದ. ಬಹಳ ವರ್ಷದ ಮೇಲೆ ಅವನಿಗೆ ಖುಷಿಯಾಯಿತು. ಇನ್ನೇನು ಅಣ್ಣ ಕೂಗುತ್ತಾನೆ. ಬೈದರೂ ಸರಿ, ಮಾತು ಮಾತೇ.

ತೀರ್ಥಪ್ಪ ಬೈಯಲಿಲ್ಲ. ಎದ್ದು ಕುರ್ಚಿಯನ್ನು ಬಡಗಣಕ್ಕೆ ನಾಲ್ಕು ಹೆಜ್ಜೆ ಸರಿಸಿದ. ಅಲ್ಲಿ ತಟ್ಟಿ ಮುಗಿದು ಒಂದು ಚೂರು ಬಿಸಿಲು ಬೀಳುತ್ತಿತ್ತು. ಅದರಲ್ಲಿ ಕೂತು ಮತ್ತೆ ಮುಖ ಎತ್ತಿದ.

"ಸಂದಿ ಕಂಡ್ಹಿಡ್ದ ನೋಡು," ಎಂದ ಷಣ್ಮುಖಪ್ಪ.

"ಗರಿ ತಾರೋ ಕೆಂಚ," ಎಂದ ದೇವೀರಪ್ಪ.

ಅಲ್ಲಿಗೂ ತಟ್ಟಿ ಬೆಳೆಯಿತು. ನೆರಳು ಬಿದ್ದ ಕೂಡಲೇ ತೀರ್ಥಪ್ಪ ಎದ್ದು ಇನ್ನಷ್ಟು ಸರಿದ. ಇವರೂ ಸರಿದರು. ಬದುವಿನ ಈಚೆ ತಟ್ಟಿ, ಆಚೆ ಕುರ್ಚಿ, ಎರಡೂ ಪೈಪೋಟಿಯ ಮೇಲೆ ಬಡಗಣಕ್ಕೆ ಹೊರಟವು. ಗರಿ ಮುಗಿದಾಗ ದೇವೀರಪ್ಪ ಓಡಿ ಹೋಗಿ ತನ್ನ ಬಚ್ಚಲಿಗೆ ಹೊದಿಸಿದ್ದ ಗರಿಯನ್ನೇ ಕಿತ್ತು ತಂದ. ಮಲ್ಲಿಕಾಂಬ ಕೈಯಲ್ಲಿ ಚೊಂಬು ಹಿಡಿದುಕೊಂಡು ಹಿಂದೆಯೇ ಬಂದಳು.

"ಏನ್ರೀ ಇದು, ನೀವು ಮಾಡ್ತಿರೋದು? ಅವ್ರಿಗೆ..."

"ಸುಮ್ನಿರು ನೀನು."

ಕೊನೆಯ ಗರಿ ಎತ್ತಿ ಹಿಡಿದದ್ದೂ, ಆಚೆ ಕಡೆ ದಬಕ್ಕನೆ ಸದ್ದಾದದ್ದೂ ಒಟ್ಟಿಗೆ. ಸರಿದು ಸರಿದು ಹಿತ್ತಿಲ ತುದಿಗೆ ಬಂದಿದ್ದ ತೀರ್ಥಪ್ಪ ಕುರ್ಚಿಯ ಸಮೇತ ತಿಪ್ಪೆಗುಂಡಿಗೆ ಉರುಳಿದ್ದ.

ದೇವೀರಪ್ಪ ಏನನ್ನೂ ಯೋಚಿಸಲಿಲ್ಲ. ಬೆಳಗಿನಿಂದ ಕಟ್ಟಿದ್ದ ತಟ್ಟಿಯನ್ನು ಎದೆಯಲ್ಲೇ ಹರಿದುಕೊಂಡು ಬದು ಹಾರಿ ಗುಂಡಿಗೆ ಇಳಿದ. ಅಣ್ಣನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಪಂಚೆಯ ಸಗಣಿ ಒರೆಸಿದ. ತೀರ್ಥಪ್ಪನ ಕಣ್ಣುಗಳು ಇವನ ಭುಜದ ಮೇಲಿನಿಂದ ಎಲ್ಲಿಗೋ ನೋಡುತ್ತಿದ್ದವು. ಕೈ ಮಾತ್ರ ಮುಂದೆ ಬಂದು ಇವನ ಕೆನ್ನೆ, ಮೂಗು, ಮೀಸೆಗಳನ್ನು ಸವರಿತು.

"ದೇವೀರನಾ?" ಎಂದ.

ಒಳಗಿನಿಂದ ಓಡಿಬಂದ ಅತ್ತಿಗೆ ವಿಮಲಮ್ಮ ಹೇಳಿದಳು: "ಕಣ್ಣು ಹೋಗಿ ವರ್ಷದ ಮೇಲಾಯ್ತು ಕಣಪ್ಪ. ಕಡೂರಲ್ಲಿ ತೋರ್ಸಿದ್ವಿ. ನರ ಒಣಗಿದೆ, ಇನ್ನು ಬರಲ್ಲ ಅಂದ್ರು. ನಿನಗೆ ಗೊತ್ತಿದ್ದೂ ಬರ್ಲಿಲ್ಲ ಅಂತ ನಾವು ಅಂದ್ಕೊಂಡಿದ್ವಿ."

ಬದುವಿನ ಮೇಲೆ ಷಣ್ಮುಖಪ್ಪ, "ನಾನು ಕಂಡಿದ್ದು ಹೇಳ್ದೆ ಅಷ್ಟೆ," ಎಂದು ಯಾರೂ ಕೇಳದಿದ್ದರೂ ಹೇಳಿ, ಹೋಟೆಲಿನ ಕಡೆ ಹೊರಟ.

"ಮತ್ತೆ ದಿನಾ ಸಂಜೆ ಇತ್ಲಾಗೇ ಮುಖ ಮಾಡಿ ಕೂತಿರ್ತಿದ್ದೆಯಲ್ಲ ಅಣ್ಣಯ್ಯ," ಎಂದ ದೇವೀರಪ್ಪ.

"ಬಿಸಿಲು ಕಣೋ. ಮುಖಕ್ಕೆ ಬಿದ್ರೆ ಸೂರ್ಯ ಎಲ್ಲವ್ನೆ ಅಂತ ತಿಳಿಯುತ್ತೆ. ಬೆಳಗ್ಗೆ ಮುಂಬಾಗಿಲಲ್ಲಿ ಕೂರ್ತೀನಿ, ಸಂಜೆ ಇಲ್ಲಿ. ನನಗೆ ಉಳಿದಿರೋದು ಅದೊಂದೇ ಅಲ್ವಾ. ಇವತ್ತು ಯಾಕೋ ಬಿಸಿಲು ಎಲ್ಲಿ ಕೂತ್ರೂ ಎದ್ದೆದ್ದು ಹೋಗ್ತಿತ್ತು."

ಊರಿನಲ್ಲಿ ಸೂರ್ಯನ ಹಿಂದೆ ತಿರುಗುವ ಜೀವ ಇದ್ದದ್ದು ಅದೊಂದೇ. ಅದಕ್ಕೆ ದೇವೀರಪ್ಪ ಇಡೀ ದಿನ ಕೂಲಿ ಕೊಟ್ಟು ನೆರಳು ಕಟ್ಟಿಸಿದ್ದ. ತಟ್ಟಿ ಕಿತ್ತು ಬಿಸಿಲು ಬಿಡೋಣವೆಂದು ಅವನು ತಿರುಗಿ ನೋಡಿದ. ಸೂರ್ಯ ಅಷ್ಟರಲ್ಲಿ ಅವನ ಮನೆಯ ಹಿಂದೆ ಮುಳುಗಿಯಾಗಿತ್ತು.

"ಅಲ್ವೋ, ಹೂವು ಭಾಳ ಚೆನ್ನಾಗವೆ ಅಂತ ಬಂದೋರೆಲ್ಲ ಹೇಳ್ತಾರೆ," ಎಂದ ತೀರ್ಥಪ್ಪ. "ನಮ್ಮ ದೇವೀರ ಬೆಳೆದಿದ್ದು ಅಂತ ಹೇಳಿ ಹೇಳಿ ನನಗೂ ಸಾಕಾಯ್ತು. ಕರ್ಕೊಂಡು ಹೋಗು, ಒಂದು ಸಲ ಮುಟ್ಟಿ ನೋಡ್ತೀನಿ."

ದೇವೀರಪ್ಪ ಅಣ್ಣನ ಕೈ ಹಿಡಿದು, ಹರಿದ ತಟ್ಟಿಯನ್ನು ದಾಟಿಸಿ, ಎಲ್ಲಕ್ಕಿಂತ ದೊಡ್ಡ ಹೂವಿನ ಎದುರು ನಿಲ್ಲಿಸಿದ. ತೀರ್ಥಪ್ಪ ಬಾಡತೊಡಗಿದ್ದ ಎಸಳುಗಳ ಸುತ್ತ ಬೆರಳಾಡಿಸಿದ. "ಎಷ್ಟು ಅಗಲ ಐತೋ," ಎಂದು ನಕ್ಕ. ಅಣ್ಣನ ಬೆರಳು ನಡುವಿಗೆ ಇಳಿದು ಒಂದು ಕಾಳು ಕಿತ್ತು ಹಿಚುಕಿತು. ಇನ್ನೊಂದು ಕಿತ್ತಿತು. ಪಕ್ಕದ ಹೂವಿಗೆ ಹೋಯಿತು, ಅದರ ಪಕ್ಕದ್ದಕ್ಕೂ ಹೋಯಿತು. ನಗು ಮೆಲ್ಲಗೆ ಇಳಿಯಿತು. ಕೊನೆಗೆ ಬೆರಳನ್ನು ಮೂಗಿಗೆ ಹಿಡಿದ.

"ಪುಡಿ ಹೊಡ್ಸಿದೀಯಾ?"

"ಹೂಂ."

"ಅದಕ್ಕೇ ನಮ್ಮ ಹುಣಸೇಮರದ ಜೇನು ಎದ್ದು ಹೋಯ್ತು. ಹುಳ ಬಂದು ಕೂರ್ದಿದ್ರೆ ಕಾಳು ಎಲ್ಲಿ ಕಟ್ಟುತ್ತೋ? ಎಲ್ಲಾ ಜೊಳ್ಳು."

ಕೆಂಚಪ್ಪ ತಲೆ ತಗ್ಗಿಸಿದ. ಬದುವಿನ ಮೇಲಿದ್ದ ರೇವಣಪ್ಪ, ಹಾಗಾದರೆ ಮದುವೆ ಇಲ್ಲವೇ ಎಂದು ಮಲ್ಲಿಕಾಂಬಳನ್ನು ಮೆತ್ತಗೆ ಕೇಳುತ್ತಿದ್ದ. ತೀರ್ಥಪ್ಪ ಕೈಯಲ್ಲಿದ್ದ ಸಿಪ್ಪೆಗಳನ್ನು ಕೊಡವಿ, ತಡಕಾಡಿ ತಮ್ಮನ ಭುಜ ಹಿಡಿದುಕೊಂಡ.

"ನಿನಗೆ ಬೇಸಾಯ ಬರಲ್ಲ ಕಣೋ ದೇವೀರ," ಎಂದ.

ಅದೇ ಮಾತು. ಅದನ್ನು ಸುಳ್ಳು ಮಾಡಬೇಕೆಂದು ದೇವೀರಪ್ಪ ಅಷ್ಟು ವರ್ಷ ಉತ್ತಿದ್ದ, ಬಿತ್ತಿದ್ದ, ಅಣ್ಣನ ಕಣ್ಣು ಆರಿಹೋದದ್ದು ಪಕ್ಕದಲ್ಲೇ ಇದ್ದೂ ತಿಳಿಯದೆ ಉಳಿದಿದ್ದ. ಒಂದೇ ಒಂದು ಸಲ ಹೆಂಡತಿಯ ಮಾತನ್ನು ಪೂರ್ತಿ ಕೇಳಿದ್ದರೆ ಸಾಕಿತ್ತು.

"ಹೌದಣ್ಣಯ್ಯ, ಬರಲ್ಲ," ಎಂದ.

ಜೊಳ್ಳು ಹೂವುಗಳೆಲ್ಲ ಅವರಿಬ್ಬರ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದವು.