ಬೇಡ ಎಂದರೆ ಬೀಳುವ ಮುದ್ದೆ

ಮನೆಯಲ್ಲಿ "ಯಾಕೆ?" ಎಂದು ಕೇಳುವವರು ಒಬ್ಬರಿದ್ದರೆ ಸಾಕು, ಉಳಿದವರ ಬಂಡವಾಳವೆಲ್ಲ ಬೇಗ ಬಯಲಾಗುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಏಳನೇ ತರಗತಿಯಲ್ಲಿ ಓದುವ ಮಗಳು ಸಿಂಚನ ವಹಿಸಿಕೊಂಡಿದ್ದಾಳೆ. ಹಾಲು ಉಕ್ಕುವುದು ಯಾಕೆ, ನೀರು ಉಕ್ಕದಿರುವುದು ಯಾಕೆ, ಕೂದಲೇ ಇಲ್ಲದ ಅಪ್ಪ ಕನ್ನಡಿ ಮುಂದೆ ಅಷ್ಟು ಹೊತ್ತು ನಿಲ್ಲುವುದು ಯಾಕೆ. ಇವನ್ನೆಲ್ಲ ನಾನು "ಸ್ಕೂಲಿಗೆ ಲೇಟಾಯ್ತು" ಎಂಬ ಒಂದೇ ಉತ್ತರದಿಂದ ನಿಭಾಯಿಸಿಕೊಂಡು ಬಂದಿದ್ದೆ. ಗಣಿತದಲ್ಲಿ ಪೂರ್ಣಾಂಕಗಳ ಪಾಠ ಶುರುವಾದ ಮೇಲೆ ಮಾತ್ರ ನನ್ನ ಆಟ ನಡೆಯಲಿಲ್ಲ.

"ಅಪ್ಪ, ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ?"

"ಅದು ರೂಲು ಕಣಮ್ಮ."

"ಯಾರು ಮಾಡಿದ್ದು?"

ಮಾಡಿದವನ ವಿಳಾಸ ಗೊತ್ತಿದ್ದರೆ ನಾನೇ ಹೋಗಿ ಜಗಳವಾಡುತ್ತಿದ್ದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. "ಕಾರಣ ಗೊತ್ತಾಗ್ದೆ ನಾನು ಪ್ಲಸ್ ಹಾಕಲ್ಲ. ಸೋಮವಾರ ಟೆಸ್ಟಲ್ಲಿ ಖಾಲಿ ಬಿಡ್ತೀನಿ" ಎಂದು ಘೋಷಿಸಿಬಿಟ್ಟಳು. ಅವಳು ಹೇಳಿದ್ದನ್ನು ಮಾಡುವವಳೇ. ಹಿಂದೊಮ್ಮೆ ವಿಜ್ಞಾನದಲ್ಲಿ ಹೀಗೇ ಖಾಲಿ ಬಿಟ್ಟಿದ್ದಕ್ಕೆ ನಾನೂ ನನ್ನ ಹೆಂಡತಿಯೂ ಶಾಲೆಯಲ್ಲಿ ಕೈಕಟ್ಟಿ ನಿಂತು ಬಂದಿದ್ದೆವು. ಬರುವಾಗ ದಾರಿಯುದ್ದಕ್ಕೂ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ಹಟ ನನ್ನ ಕಡೆಯಿಂದ ಬಂದದ್ದೆಂದು ಅವಳ ಬಲವಾದ ನಂಬಿಕೆ.

"ಹೋಟ್ಲಲ್ಲಿ ದಿನಾ ಲೆಕ್ಕ ನೋಡೋರು ನೀವು, ಹೇಳ್ಕೊಡ್ರೀ" ಎಂದಳು ಹೆಂಡತಿ. ದೇವನಹಳ್ಳಿಯ ಹೋಟೆಲೊಂದರಲ್ಲಿ ಉಗ್ರಾಣ ನೋಡಿಕೊಳ್ಳುವವನು ನಾನು ಎಂಬುದೇನೋ ನಿಜ. ಆದರೆ ನನ್ನ ಉಗ್ರಾಣದಲ್ಲಿ ಅಕ್ಕಿ ಮೂಟೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ಮೈನಸ್ ಎರಡು ಮೂಟೆಯನ್ನು ಮೈನಸ್ ಮೂರು ಸಲ ಇಳಿಸಿಕೊಂಡೆ, ಒಟ್ಟು ಆರು ಮೂಟೆ ಬಂತು ಎಂದು ನಾನು ಹೇಳಿದರೆ, ಮ್ಯಾನೇಜರು ಮೊದಲು ನನ್ನನ್ನು ಮನೆಗೆ ಕಳಿಸಿಯಾರು.

ಹೀಗೆ ಮುಖ ಊದಿಸಿಕೊಂಡ ಮಗಳನ್ನು ಕರೆದುಕೊಂಡು ಭಾನುವಾರ ದೊಡ್ಡಬಳ್ಳಾಪುರದಿಂದ ಸಾಸಲಿಗೆ, ನಮ್ಮ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಅಕ್ಕನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳ ಮನೆಯಲ್ಲಿ ಉಂಡು ಎದ್ದವರಿಲ್ಲ, ಎಬ್ಬಿಸಿಕೊಂಡವರೇ ಎಲ್ಲ. ನಮ್ಮ ಕಡೆ ನೆಂಟರು ಬೇಕು ಎನ್ನುವ ಹಾಗಿಲ್ಲ, ಮನೆಯವರು ಬೇಡ ಎನ್ನುವುದನ್ನು ನಂಬುವ ಹಾಗಿಲ್ಲ. ಅಕ್ಕ ಈ ಪದ್ಧತಿಯನ್ನು ಒಂದು ಕೈ ಹೆಚ್ಚೇ ಪಾಲಿಸುತ್ತಾಳೆ. ನೀವು ಗಟ್ಟಿಯಾಗಿ ಬೇಡ ಎಂದಷ್ಟೂ ಬೀಳುವ ಮುದ್ದೆ ದೊಡ್ಡದಾಗುತ್ತದೆ.

ಆವತ್ತು ರಾಗಿ ಮುದ್ದೆಗೆ ಬಸ್ಸಾರು ಮಾಡಿದ್ದಳು. ಮೊದಲ ಮುದ್ದೆ ಮುಗಿಯುವಷ್ಟರಲ್ಲಿ ಕೈ ಒದ್ದೆ ಮಾಡಿಕೊಂಡು ಇನ್ನೊಂದು ಮುದ್ದೆ ಹಿಡಿದು ಬಂದೇಬಿಟ್ಟಳು.

"ಬೇಡ ಕಣಕ್ಕ."

"ಸುಮ್ಕೆ ಉಣ್ಲಾ. ಒಳ್ಳೆ ಗುಬ್ಬಚ್ಚಿ ಉಂಡಂಗೆ ಉಣ್ತೀಯಾ!" ಮುದ್ದೆ ತಟ್ಟೆಗೆ ಬಿತ್ತು.

ಪಕ್ಕದಲ್ಲಿ ಕೂತಿದ್ದ ಸಿಂಚನ ಉಣ್ಣುವುದನ್ನು ನಿಲ್ಲಿಸಿದಳು. ನನ್ನ ತಟ್ಟೆ ನೋಡಿದಳು, ಅತ್ತೆಯನ್ನು ನೋಡಿದಳು. "ಅಪ್ಪ, ನೀನು ಬೇಡ ಅಂದೆ. ಅದು ಮೈನಸ್. ಆದ್ರೆ ಬಂದಿದ್ದು ಪ್ಲಸ್" ಎಂದು ಪಿಸುಗುಟ್ಟಿದಳು. "ಅಂದ್ರೆ ಅತ್ತೆ ಮೈನಸ್, ಅಪ್ಪ! ಏನ್ ಹೇಳಿದ್ರೂ ಉಲ್ಟಾ ತಿರುಗಿಸ್ತಾರೆ. ಮೈನಸ್ ಮೂರು ಅಂದ್ರೆ ಮೂರು ಪಟ್ಟು ಮಾಡಿ ತಿರುಗಿಸೋ ಅತ್ತೆ!"

ನಾನು ಇದನ್ನೇ ಹೇಳಿಕೊಡಬೇಕೆಂದು ಇಷ್ಟು ದೂರ ಕರೆತಂದವನಂತೆ ತಲೆಯಾಡಿಸಿದೆ. ಅವಳಿಗೆ ಅಷ್ಟು ಸಾಲದು. ನಿಯಮ ಇನ್ನೊಂದು ಕಡೆಯಿಂದಲೂ ನಿಲ್ಲಬೇಕಂತೆ. "ಈಗ ಹಾಕು ಅನ್ನು. ಪ್ಲಸ್ ಇಂಟು ಮೈನಸ್ ಮೈನಸ್ ಬರುತ್ತಾ ನೋಡೋಣ" ಎಂದಳು. ನನ್ನ ಹೊಟ್ಟೆಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಆದರೆ ಮಗಳ ಸೋಮವಾರ ನನ್ನ ಹೊಟ್ಟೆಗಿಂತ ದೊಡ್ಡದು. ಅಕ್ಕ ಮತ್ತೆ ಬಂದಾಗ ಜೀವಮಾನದಲ್ಲಿ ಮೊದಲ ಬಾರಿಗೆ ಹೇಳಿದೆ: "ಇನ್ನೊಂದು ಹಾಕಕ್ಕ."

ಮುದ್ದೆ ಹಿಡಿದಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. "ಯಾಕ್ಲಾ, ಹುಷಾರಾಗಿದ್ದೀಯಾ? ನಮ್ಮಪ್ಪಂಗೂ ಹಿಂಗೇ ಹಸಿವು ಹಸಿವು ಅಂತಾನೇ ಶುಗರ್ ಬಂದಿದ್ದು! ಸಾಕು, ಎದ್ದೇಳು, ಮಜ್ಜಿಗೆ ಕೊಡ್ತೀನಿ" ಎಂದು ಮುದ್ದೆಯನ್ನು ಪಾತ್ರೆಗೇ ವಾಪಸ್ಸು ಹಾಕಿದಳು. ಸಿಂಚನ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಕ್ಕ, ಪಾಪ, ಮಗುವಿಗೆ ತಂದೆಯ ಕಾಯಿಲೆಯ ಪರಿವೆಯೇ ಇಲ್ಲವಲ್ಲ ಎಂದು ನೊಂದುಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಭಾಗಾಕಾರವೂ ಆಯಿತು. ನಾವು ಉಣ್ಣುವಾಗ ನನ್ನಾಕೆ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದುದರಿಂದ ಅವಳಿಗೆ ಈ ಪ್ರಯೋಗ ಗೊತ್ತಿರಲಿಲ್ಲ.

"ಅಮ್ಮ, ಅತ್ತೆ ಮೈನಸ್. ಏನು ಹೇಳಿದ್ರೂ ಉಲ್ಟಾ ಮಾಡ್ತಾರೆ. ಕೊನೇಲಿ ಮುದ್ದೆ ಬರ್ಲಿಲ್ಲ, ಅದೂ ಮೈನಸ್. ಹಾಗಾದ್ರೆ ಅಪ್ಪ ಏನಂದಿರ್ತಾರೆ ಹೇಳು?"

"ಬೇಕು ಅಂದಿರ್ತಾರೆ."

"ಕರೆಕ್ಟ್! ಮೈನಸ್ಸನ್ನ ಮೈನಸ್ಸಿಂದ ಭಾಗಿಸಿದ್ರೆ ಪ್ಲಸ್. ಉತ್ತರದಿಂದ ಹಿಂದಕ್ಕೆ ಹೋಗೋದು, ಅಷ್ಟೇ!"

ಹೆಂಡತಿ ನನ್ನ ಕಡೆ ತಿರುಗಿದಳು. "ಬೇಕು ಅಂದ್ರಾ? ಅಕ್ಕನ ಮನೇಲಿ? ನಾನು ಇಷ್ಟು ವರ್ಷದಿಂದ ಬಡಿಸ್ತಿದ್ದೀನಿ, ಒಂದು ದಿನ ಬೇಕು ಅಂದೋರಲ್ಲ." ಇದು ಗಣಿತಕ್ಕಾಗಿ ಮಾಡಿದ್ದು ಎಂದು ನಾನು ಎಷ್ಟು ಹೇಳಿದರೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಳು.

ಟೆಸ್ಟಿನಲ್ಲಿ ಸಿಂಚನ ಒಂದು ಲೆಕ್ಕವನ್ನೂ ಖಾಲಿ ಬಿಡಲಿಲ್ಲ, ಒಂದೂ ತಪ್ಪಲಿಲ್ಲ. ಪೇಪರು ಕೈಗೆ ಬಂದ ದಿನ ನನಗೆ ಕಣ್ಣು ತುಂಬಿ ಬಂತು, ಸಂತೋಷಕ್ಕೇ. ಹೆಂಡತಿಯೂ ಮುನಿಸು ಬಿಟ್ಟು ಒಬ್ಬಟ್ಟು ಮಾಡಿದಳು. ಅವಳ ಒಬ್ಬಟ್ಟೆಂದರೆ ನನಗೆ ಪ್ರಾಣ. ಎರಡು ತಿಂದಿದ್ದೆ, ಮೂರನೆಯದರ ಮೇಲೆ ಕಣ್ಣಿತ್ತು. "ಇನ್ನೊಂದು ಹಾಕ್ಲಾ?" ಎಂದಳು.

"ಬೇಡಪ್ಪ, ಸಾಕು" ಎಂದೆ, ಅಭ್ಯಾಸಬಲದಿಂದ, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಾ.

ಅವಳು "ಸರಿ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಯೇಬಿಟ್ಟಳು.

"ಅಮ್ಮ ಪ್ಲಸ್, ಅಪ್ಪ" ಎಂದಳು ಸಿಂಚನ, ತನ್ನ ತಟ್ಟೆಯಿಂದ ತಲೆ ಎತ್ತದೆ. "ನೀನು ಏನು ಹೇಳ್ತೀಯೋ ಅದೇ ಬರುತ್ತೆ."

ಅಡುಗೆಮನೆಯಿಂದ ತುಪ್ಪದ ವಾಸನೆಯ ಜೊತೆಗೆ ಹೆಂಡತಿಯ ದನಿಯೂ ಬಂತು: "ಏನ್ರೀ ಅದು? ಬೇಕಿದ್ರೆ ಬೇಕು ಅಂತ ಬಾಯ್ಬಿಟ್ಟು ಹೇಳಿ, ತರ್ತೀನಿ."

ಮೈನಸ್ ಇಂಟು ಮೈನಸ್ ಪ್ಲಸ್ ಎಂಬ ಇಡೀ ಪಾಠ ಅರ್ಥವಾಗಿದ್ದ ನಾನು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ, "ಬೇಡ ಬೇಡ" ಎಂದೆ.